ಯಾಂಟಿನಾಳ ಹಳೆಯ ಗಾಯ

ನವೆಂಬರ್ ೧೪, ಗುರುವಾರ

ಸಂತೋಷಕ್ಕೆ ನಿದ್ದೆಯೇ ಹತ್ತುತ್ತಿಲ್ಲ. ನನ್ನ ರೋಗಿ ಯಾಂಟಿನಾಳ ಗರ್ಭಕೋಶ ಉಳಿಯಿತು!

ಬೆಳಿಗ್ಗೆ ನಮ್ಮ ಹಿರಿಯ ಡಾಕ್ಟರ್ ವಿಬ್ರೆನ್ ಜೊತೆ ದೊಡ್ಡ ವಾದವೇ ಆಯಿತು. ಅವಳ ಹಿಂದಿನ ಸಿಸೇರಿಯನ್ ಗಾಯದ ಕಲೆಯಲ್ಲೇ ಈ ಏಳು ವಾರದ ಗರ್ಭ ಕಚ್ಚಿಕೊಂಡಿತ್ತು. ಬೆಳೆಯಲು ಬಿಟ್ಟರೆ ತಾಯಿಯ ಜೀವಕ್ಕೇ ಅಪಾಯ. ಚುಚ್ಚುಮದ್ದು ಕೊಟ್ಟು ಕಾಯೋಣವೆಂದು ಅವರು; ಅದಕ್ಕೆ ಅರಿವಳಿಕೆ ಬೇಡ, ಆದರೆ ಗರ್ಭ ಕರಗಲು ವಾರಗಟ್ಟಲೆ ಬೇಕು. ಸ್ಕ್ಯಾನ್ ನೋಡುತ್ತಲೇ ಹೀರಿ ತೆಗೆಯೋಣವೆಂದು ನಾನು. ಇಂದೇ ಮುಗಿಯುತ್ತದೆ, ಆದರೆ ರಕ್ತ ನಿಲ್ಲದಿದ್ದರೆ ಗರ್ಭಕೋಶವನ್ನೇ ತೆಗೆಯಬೇಕಾದೀತು.

"ಆನ್ಕೆ, ಅಲ್ಲಿ ಗರ್ಭಕೋಶದ ಗೋಡೆ ಮೂರೇ ಮಿಲಿಮೀಟರ್ ಇದೆ. ಧೈರ್ಯ ತೋರ್ಸೋ ಜಾಗ ಅಲ್ಲಮ್ಮ ಅದು," ಎಂದು ನನ್ನನ್ನು ಎಚ್ಚರಿಸಿದರು.

ಕೊನೆಗೆ ಯಾಂಟಿನಾಳನ್ನೇ ಕೇಳಿದೆವು.

"ನಮ್ಮದು ದ್ವೀಪ ಡಾಕ್ಟ್ರೇ. ಬಿರುಗಾಳಿ ಎದ್ರೆ ದೋಣಿ ಬಿಡಲ್ಲ. ಆಗ ರಕ್ತ ಹೋಗೋಕೆ ಶುರುವಾದ್ರೆ ಏನ್ ಮಾಡ್ಲಿ? ಇವತ್ತೇ ಮುಗಿಸ್ಬಿಡಿ."

ವಿಬ್ರೆನ್ ತಾವೇ ಸ್ಕ್ಯಾನ್ ಹಿಡಿದು ನಿಂತರು. ನಾನು ಹೀರಿದೆ. ರಕ್ತ ಜೋರಾಗಿ ಬಂತು. ಪುಟ್ಟ ಬಲೂನು ಒಳಗಿಟ್ಟು ಉಬ್ಬಿಸಿ ಆ ಜಾಗವನ್ನು ಒತ್ತಿಹಿಡಿದೆ. ಐದು ನಿಮಿಷ ಇಬ್ಬರೂ ಸ್ಕ್ಯಾನ್ ಪರದೆಯನ್ನೇ ನೋಡಿದೆವು. ರಕ್ತ ನಿಂತಿತು!

"ಗೆದ್ದೆ ಕಣೇ," ಎಂದರು ಆ ಬಿಗಿಮುಖದ ಮುದುಕ.

ಎಚ್ಚರವಾದ ಯಾಂಟಿನಾ, "ಹೋಯ್ತಾ?" ಎಂದು ಅತ್ತಳು. ಬಯಸಿದ್ದ ಮಗು ಅದು. ಅವಳೆದುರು ನನ್ನ ಖುಷಿಗೆ ನನಗೇ ನಾಚಿಕೆಯಾಗಿ ಮುಖ ಬಿಗಿದುಕೊಂಡೆ. ಗರ್ಭಕೋಶ ಚೆನ್ನಾಗಿದೆ ಎಂದಷ್ಟೇ ಹೇಳಿದೆ. ಅವಳು ನನ್ನ ಕೈ ಹಿಡಿದಳು.

"ನಗು ಬಂದ್ರೆ ನಕ್ಬಿಡಿ ಡಾಕ್ಟ್ರೇ. ನಂಗೇನೂ ಬೇಜಾರಿಲ್ಲ."

ಅಲ್ಲಿ ನನಗೆ ಅಳುವೇ ಬಂತು. ನಕ್ಕದ್ದು ಮನೆಗೆ ಬರುವಾಗ, ಸೈಕಲ್ ಮೇಲೆ, ಒಬ್ಬಳೇ, ದಾರಿಯುದ್ದಕ್ಕೂ ಜೋರಾಗಿ.