ಉಪ್ಪುನೀರೋ, ಮದ್ದೋ

ಪುಟ್ಟೀ,

ಆಸ್ಪತ್ರೆಗೆ ಹೊರಟೆ. ಹಾಲು ಕಾಯಿಸಿಟ್ಟಿದ್ದೇನೆ, ಬೆಕ್ಕು ಬಾಯಿ ಹಾಕೋ ಮೊದಲು ಏಳು.

ನನ್ನ ಈ ಲೂಪಸ್ ಕಾಯಿಲೆಯ ಹೊಸ ಮದ್ದಿನ ಪ್ರಯೋಗದಲ್ಲಿ ನನಗೆ ಕೊಡ್ತಿರೋದು ಮದ್ದೋ ಬರೀ ಉಪ್ಪುನೀರೋ ಡಾಕ್ಟರಿಗೂ ಗೊತ್ತಿಲ್ಲ. ನೀನು ನಿನ್ನೆ ಸಿರಿಂಜಿನಲ್ಲಿ ಉಳಿದ ಹನಿ ನೆಕ್ಕಿ, "ಅಕ್ಕಾ, ಉಪ್ಪು!" ಅಂತ ಅತ್ತುಬಿಟ್ಟೆಯಲ್ಲ, ಬುದ್ಧಿ ಎಲ್ಲಿಟ್ಟಿದ್ದೆ? ನರ್ಸಮ್ಮನನ್ನು ಕೇಳಿದೆ. ಎರಡೂ ಉಪ್ಪುಪ್ಪಾಗೇ ಇರುತ್ತಂತೆ. ಬಿದ್ದು ಬಿದ್ದು ನಕ್ಕರು.

ಬೆಳಗಿನ ಜಾವ ಒಂದು ಕನಸು. ಪರದೆಯ ಸಂದಿಯಿಂದ ಬಿಸಿಲು ನುಸುಳಿ, ನಮ್ಮ ಬೆಕ್ಕಿನ ಹಾಗೆ ನನ್ನ ತೊಡೆಯೇರಿ ಮಲಗಿತ್ತು. ಯಾವಾಗಲೂ ಬಿಸಿಲು ತಾಗಿದಾಗಿನ ಹಾಗೆ ಮೈ ಸುಡಲಿಲ್ಲ, ಕೆಂಪಾಗಲಿಲ್ಲ. ನಾನು ಅದರ ಬೆನ್ನು ಸವರುತ್ತಾ ಕೂತಿದ್ದೆ. ಎಚ್ಚರವಾದ ಮೇಲೂ ಬೆರಳಲ್ಲಿ ಆ ಬಿಸುಪು ಹಾಗೇ ಇತ್ತು.

ಇವತ್ತು ಜಡೆ ಹಾಕು ಅಂತ ನಿನ್ನನ್ನು ಎಬ್ಬಿಸಲಿಲ್ಲ. ಇಷ್ಟು ದಿನ ಸೆಟೆದುಕೊಂಡಿದ್ದ ಬೆರಳು ಮಡಚಿದವು ಕಣೇ. ಸೊಟ್ಟಗಿದೆ, ಆದರೆ ನಾನೇ ಹಾಕಿಕೊಂಡಿದ್ದು.

ಅಕ್ಕ