ಬಲೆ ಹೊದ್ದ ಘಾಟಿ

ಉರ್ವ, ಮಂಗಳೂರು
ಫೆಬ್ರವರಿ ೯, ೨೦೨೫

ಪ್ರೀತಿಯ ಮೋಹಿನಿ,

ಹೇಗಿದ್ದೀ? ವಾರ್ಡಿನಲ್ಲಿ ಇಡೀ ದಿನ ನಿಂತು ಬರುವ ಸೊಂಟನೋವು ಕಡಿಮೆಯಾಯಿತೇ? ಕುವೈತಿನ ಚಳಿಗೆ ಕಿವಿ ಮುಚ್ಚಿಕೊಂಡು ಓಡಾಡು. ಇಲ್ಲಿ ಅಮ್ಮನ ಮಂಡಿನೋವು ಬಿಟ್ಟರೆ ಎಲ್ಲರೂ ಸೌಖ್ಯ. ನಿನ್ನ ಮಗಳು ಮೋಕ್ಷಾ ಬಂಗುಡೆ ಮೀನಿನ ಮುಳ್ಳನ್ನು ತಾನೇ ಬಿಡಿಸಿ ತಿನ್ನಲು ಕಲಿತಿದ್ದಾಳೆ. ನನಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿಲ್ಲ. ಕಾಂಟ್ರ್ಯಾಕ್ಟನ್ನು ಇನ್ನೆರಡು ವರ್ಷ ಮುಂದುವರಿಸಲೇ ಎಂದು ನೀನು ಫೋನಿನಲ್ಲಿ ಕೇಳಿದಾಗ "ನಿನ್ನಿಷ್ಟ" ಅಂದುಬಿಟ್ಟೆ. ಅವತ್ತಿನಿಂದ ಹೀಗೆ. ಅದನ್ನು ಆಮೇಲೆ ಬರೆಯುತ್ತೇನೆ, ಮೊದಲು ರೈಲಿನ ಕಥೆ ಕೇಳು.

ನೀನು ಕಳುಹಿಸಿದ ಆಟದ ರೈಲು ಮೇಜಿನ ಮೇಲೆ ಸುಮ್ಮನೆ ಸುತ್ತುವುದನ್ನು ನೋಡಿ ಮೋಕ್ಷಾಳಿಗೆ ಬೇಸರ ಬಂತು. ಗುಡ್ಡ ಬೇಕು, ಸುರಂಗ ಬೇಕು ಎಂದು ಹಟ ಹಿಡಿದಳು. ಹಾಸನದ ಮದುವೆಗೆ ಹೋಗುವಾಗ ಘಾಟಿಯಲ್ಲಿ ಸುರಂಗ ಬಂದಾಗಲೆಲ್ಲ ನೀನು ಕೂಗು ಹಾಕುತ್ತಿದ್ದೆಯಲ್ಲ, ಇಡೀ ಬೋಗಿ ನಿನ್ನ ಹಿಂದೆ ಕೂಗುತ್ತಿತ್ತು. ಆಗ ಅವಳು ಮಡಿಲಿನ ಮಗು. ನಾನು ಹೇಳಿದ್ದನ್ನೇ ತನ್ನ ನೆನಪು ಅಂದುಕೊಂಡಿದ್ದಾಳೆ. ನನಗೂ ಕೈಗೊಂದು ಕೆಲಸ ಬೇಕಿತ್ತು. ಥರ್ಮಾಕೋಲ್ ತುಂಡುಗಳನ್ನು ಪೇರಿಸಿ, ಅಪ್ಪನ ಹಳೇ ಮೀನಿನ ಬಲೆ ಹೊದೆಸಿ, ಪ್ಲಾಸ್ಟರ್ ಬಳಿಯಲು ಹೊರಟೆ. "ಬಲೆ ಹಾಕಿ ಗುಡ್ಡ ಹಿಡಿಯುವವ ನೀನೊಬ್ಬನೇ ಮಾರಾಯ" ಎಂದು ಅಮ್ಮ ನಕ್ಕರು. ಆಮೇಲೆ ತಾವೇ ಕೂತು ಹರಿದಲ್ಲೆಲ್ಲ ಹೆಣೆದು ಕೊಟ್ಟರು. ಸ್ಪಂಜಿನ ಮರ, ಹಸಿರು ಬಣ್ಣ, ಬೆಂಚಿರುವ ಪುಟ್ಟ ಸ್ಟೇಷನ್, ಎಲ್ಲ ಆಯಿತು.

ನಿನ್ನೆ ಸಂಜೆ ಮೊದಲ ಓಟ. ಎಂಜಿನ್ ಜೋರಾಗಿ ನುಗ್ಗಿತು, ಹಿಂದಿನ ಉದ್ದದ ಬೋಗಿ ಸುರಂಗದ ತಿರುವಿನಲ್ಲಿ ಗೋಡೆಗೆ ತಾಗಿ ಸಿಕ್ಕಿಕೊಂಡಿತು. ನಾನು ಅಗಲ ನೋಡಿದ್ದು ಬರೀ ಎಂಜಿನ್ ಇಟ್ಟು. ಕೈ ಹಾಕಲು ಹಿಂದೊಂದು ಕಿಂಡಿಯನ್ನೂ ಬಿಟ್ಟಿರಲಿಲ್ಲ. ಕೋಲು ಹಾಕಿದೆ, ಮೇಜು ಅಲ್ಲಾಡಿಸಿದೆ, ಆಗಲಿಲ್ಲ. ನಾಳೆ ನೋಡುವ ಎಂದರೆ ಮೋಕ್ಷಾ ಒಂದೇ ಸಮನೆ ಅಳುವುದು. "ಪಪ್ಪಾ, ಒಳಗೆ ಅಮ್ಮ ಇದ್ದಾರೆ!" ನಿನ್ನ ಚಿಕ್ಕ ಫೋಟೋವನ್ನು ಕತ್ತರಿಸಿ ಬೋಗಿಯ ಕಿಟಕಿಗೆ ಅಂಟಿಸಿದ್ದಳಂತೆ. ಊಟಕ್ಕೂ ಏಳದೆ ಸುರಂಗದ ಬಾಯಿಗೆ ಮುಖವಿಟ್ಟು ಕೂಗಿದಳು. ನನಗೆ ತಡೆಯಲಾಗಲಿಲ್ಲ ಮೋಹಿನಿ, ಕಣ್ಣಲ್ಲಿ ನೀರು ಬಂತು. "ಎಂತ ನೋಡ್ತಾ ನಿಂತದ್ದು? ಬೇರೆ ಬಲೆ ಉಂಟು, ಇದನ್ನು ಕೊಯ್ಯಿ" ಎಂದರು ಅಮ್ಮ. ಗುಡ್ಡವನ್ನು ನೆತ್ತಿಯಿಂದ ಸೀಳಿದೆ. ಅಮ್ಮ ಹೆಣೆದದ್ದು ಸುಲಭಕ್ಕೆ ಹರಿಯಲಿಲ್ಲ, ಕೊನೆಗೂ ಬೋಗಿ ಹೊರಗೆ ಬಂತು.

ಪಕ್ಕದ ಮನೆಯ ಸುಹೈಲಾ ಇವತ್ತು ಕುವೈತಿಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಈ ಪತ್ರ, ಒಣಸಿಗಡಿ ಚಟ್ನಿ ಕಳುಹಿಸುತ್ತಿದ್ದೇನೆ. ಅಮ್ಮನ ಆಶೀರ್ವಾದ, ಮೋಕ್ಷಾಳ ಮುತ್ತುಗಳು.

ನಿನ್ನ
ಲೀಲಾಧರ

ಇನ್ನೊಂದು ಮಾತು: ಸುಹೈಲಾಳ ಟ್ಯಾಕ್ಸಿ ಹಾರ್ನ್ ಹಾಕುತ್ತಿದೆ. ರೈಲು ಮತ್ತೆ ಓಡುತ್ತಿದೆ, ಆದರೆ ಮೋಕ್ಷಾ ನಿನ್ನ ಫೋಟೋವನ್ನು ಬೋಗಿಯಿಂದ ಕಿತ್ತು ಸ್ಟೇಷನ್ನಿನ ಬೆಂಚಿಗೆ ಅಂಟಿಸಿದ್ದಾಳೆ. "ಅಮ್ಮ ಇಳಿದಾಯ್ತು, ಇನ್ನು ಹತ್ತುವುದಿಲ್ಲ" ಅನ್ನುತ್ತಾಳೆ. ಬೀದಿಗೊಂದು ಆಸ್ಪತ್ರೆ ಇರುವ ಊರಿದು, ನಿನಗೆ ಕೆಲಸ ಸಿಗದೇ? ಫೋನಿನಲ್ಲಿ ನಿನ್ನಿಷ್ಟ ಅಂದದ್ದು ಸುಳ್ಳು. ಸಹಿ ಹಾಕಬೇಡ. ಬಾ.