ಬಾಟಲಿ ನನ್ನ ಕೈಯಲ್ಲಿದೆ

ಮೇ 8, ಭಾನುವಾರ

ಆಲೂಗಡ್ಡೆ ಸುಲಿದೂ ಸುಲಿದೂ ಹೆಬ್ಬೆರಳು ಉರಿಯುತ್ತಿದೆ. ಇವತ್ತು ಮತ್ತೆ ಶ್ರಮದಾನ. ಗುಡ್ಡದ ಗಂಡಸರೆಲ್ಲ ಶಿಶುವಿಹಾರದ ಗೋಡೆ ಎಬ್ಬಿಸಿದರು. ನಾವು ಹೆಂಗಸರು ಸಮುದಾಯದ ಅಡುಗೆಮನೆಯಲ್ಲಿ — ಬೇಳೆ, ಅನ್ನ, ಕೋಳಿಕಾಲಿನ ಸೂಪು. ನೀರಿನ ಟ್ಯಾಂಕರ್ ತಡವಾಗಿ ಬಂತು, ಅರ್ಧ ನೀರು ಗಾರೆಗೇ ಹೋಯಿತು. ಪಾತ್ರೆ ತೊಳೆಯಲು ಒಬ್ಬರೊಬ್ಬರ ಮುಖ ನೋಡಿಕೊಂಡೆವು.

ಊಟ ಬಡಿಸಲು ಹೋದಾಗ ಗೋಡೆ ನೋಡಿದೆ. ಟೊಳ್ಳು ಇಟ್ಟಿಗೆ, ಉದ್ದಕ್ಕೂ ತೂತು. ಕೋಣೆ ನಡುವೆ ಅಡ್ಡಗೋಡೆಗೆ ಬಳಸುವಂಥದ್ದು. ಹಗುರ, ಬೇಗ ಏಳುತ್ತದೆ. ಮೂಲೆಗಳಲ್ಲಿ ಪಿಲ್ಲರೂ ಇಲ್ಲ. ಅದರ ಮೇಲೆ ಕಾಂಕ್ರೀಟ್ ಸ್ಲ್ಯಾಬ್ ಹಾಕುತ್ತಾರಂತೆ.

ತಂಗಿ ಎರ್ಮೆಲಿಂದಾಳ ಮನೆಯದೂ ಇದೇ ಇಟ್ಟಿಗೆ. ನಮ್ಮೂರು ಪಿಸ್ಕೊ ಭೂಕಂಪಕ್ಕೆ ನಡುಗಿದ ದಿನ ಸ್ಲ್ಯಾಬ್ ಇಡಿಯಾಗಿ ಕೂತುಬಿಟ್ಟಿತು, ಒಳಗೆ ಅವಳು. ಪಕ್ಕದಲ್ಲೇ ಅಮ್ಮನ ಮನೆ — ಬಿದಿರುದಬ್ಬೆ, ಮಣ್ಣು. ಕಿರುಗುಟ್ಟಿತು, ಓಲಾಡಿತು, ನಿಂತಿತು. ಅಮ್ಮ ಕೈಯಲ್ಲಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಆಮೇಲೇ ನಾನು ಲೀಮಾದ ಈ ಗುಡ್ಡ ಹತ್ತಿದ್ದು.



ಮೇ 10, ಮಂಗಳವಾರ

ಸತುರ್ನೀನೊಗೆ ಹೇಳಿದೆ. ಗುಡ್ಡದ ಸಂಘದ ಅಧ್ಯಕ್ಷ ಅವನೇ. ನನ್ನ ಮಗಳ ನಾಮಕರಣದಲ್ಲಿ ಧರ್ಮತಂದೆಯಾಗಿ ನಿಂತವನೂ ಅವನೇ, ಅಂದಿನಿಂದ ನಾನು ಅವನಿಗೆ ‘ಕೊಮಾದ್ರೆ’. ಕೆಟ್ಟವನಲ್ಲ. ಹಟಮಾರಿ.

ತಗಡು ಹಾಕೋಣ, ಇನ್ನೇನು ಜೂನ್‌ಗೆ ಶುರುವಾಗುವ ಚಳಿಗಾಲ ಕಳೆಯಲಿ, ಆಮೇಲೆ ಸರಿಯಾದ ಇಟ್ಟಿಗೆ ತಂದು ಕಟ್ಟೋಣ ಅಂದೆ. ಅವನ ಮುಖ ಕಪ್ಪಿಟ್ಟಿತು.

"ಚಾಪೆ ಕಟ್ಕೊಂಡು ಬಂದು ಈ ಗುಡ್ಡದಲ್ಲಿ ಕೂತವರು ನಾವು. ನನ್ನ ಮಕ್ಕಳು ತಗಡಿನ ಕೆಳಗೆ ಕೆಮ್ಮಿ ಕೆಮ್ಮಿ ಬೆಳೆದ್ರು ಕೊಮಾದ್ರೆ. ಮೊಮ್ಮಕ್ಕಳಿಗೂ ತಗಡೇನಾ?"

ಕೆಮ್ಮು ನಿಜ. ಇಲ್ಲಿಯವರು ಇಟ್ಟಿಗೆ-ಸಿಮೆಂಟಿಗೆ ‘ಘನತೆಯ ಮಾಲು’ ಅನ್ನುತ್ತಾರೆ. ಬಿದಿರಿಗೆ, ಮಣ್ಣಿಗೆ, ತಗಡಿಗೆ ಅಂಥ ಹೆಸರೇನೂ ಇಲ್ಲ. ಸ್ಲ್ಯಾಬ್ ಹಾಕಿಸಿದ ಮೇಲೆ ಮಾನ ಬಂತು ಅಂತ ಲೆಕ್ಕ. ಎರ್ಮೆಲಿಂದಾಳೂ ಹಾಗೇ ಅಂದುಕೊಂಡಿದ್ದಳು, ಪಾಪ.

ಮೇ 22, ಭಾನುವಾರ

ನೊರ್ಕಾ ಬಂದಿದ್ದಳು — ಕೆಳಗಿನ ಪೇಟೆಯ ಇಂಜಿನಿಯರ್ ಹುಡುಗಿ. ಕೈಕಾಲು ಹಿಡಿದು ಕರೆಸಿದ್ದು ನಾನೇ. ಗೋಡೆ ತಟ್ಟಿ ನೋಡಿದಳು, ಎಲ್ಲರೆದುರಿಗೇ ಹೇಳಿದಳು: ಇದು ಭಾರ ಹೊರುವ ಗೋಡೆಯಲ್ಲ, ತಗಡಾದರೆ ಸರಿ, ಸ್ಲ್ಯಾಬೇ ಬೇಕಿದ್ದರೆ ಕೆಡವಿ ಗಟ್ಟಿ ಇಟ್ಟಿಗೆಯಲ್ಲಿ ಕಟ್ಟಿ, ಮೂಲೆಮೂಲೆಗೂ ಪಿಲ್ಲರ್ ಬೇಕು.

ಸತುರ್ನೀನೊ ಉಪಚಾರ ಮಾಡಿ ಎರಡು ಸಲ ಸೂಪು ಬಡಿಸಿದ. ಅವಳು ಮೆಟ್ಟಿಲಿಳಿದು ಮರೆಯಾದ ಮೇಲೆ, ಈ ಹುಡುಗಿ ತಗಡಿನ ಕೆಳಗೆ ಒಂದು ಚಳಿಗಾಲ ಕಳೆದು ಬರಲಿ, ಆಮೇಲೆ ಮಾತಾಡೋಣ ಅಂದ. ಗಂಡಸರು ನಕ್ಕರು. ಮೇಸ್ತ್ರಿ ಮಾತ್ರ ನಗಲಿಲ್ಲ. ಆದರೆ ಬಾಯಿ ಬಿಡಲಿಲ್ಲ ಪುಣ್ಯಾತ್ಮ.

ಜೂನ್ 5, ಭಾನುವಾರ

ಮೀಟಿಂಗ್. ಸ್ಲ್ಯಾಬಿಗೆ ಎಲ್ಲರೂ ಕೈಯೆತ್ತಿದರು. ಬೇಡ ಅಂತ ಎದ್ದು ನಿಂತವಳು ನಾನೊಬ್ಬಳೇ. ಕೂರಿ ಅಂದರೂ ನಿಂತೇ ಇದ್ದೆ.

ಸತುರ್ನೀನೊ ಮೆಲ್ಲಗೆ ಅಂದ: "ಸತ್ತವರ ಹೆಸರಲ್ಲಿ ಬದುಕಿರೋರ ಸೂರು ತಡೀಬೇಡಿ ಕೊಮಾದ್ರೆ."

ಕೂಗಾಡಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಹಾಳಾದವನು. ಮೆಲ್ಲಗೆ ಅಂದ.

ಆಮೇಲೆ ಅವನೇ ಒಂದು ಉಪಾಯ ಹೂಡಿದ. ಸೂರಿನ ಧರ್ಮತಾಯಿ ನಾನೇ ಆಗಬೇಕಂತೆ! ಸ್ಲ್ಯಾಬ್ ಹಾಕುವ ದಿನ ಧರ್ಮತಾಯಿ ಮೇಲೆ ಹತ್ತಿ ಬಾಟಲಿ ಒಡೆಯಬೇಕು, ಆಮೇಲೇ ಮೊದಲ ಡಬ್ಬ ಕಾಂಕ್ರೀಟ್ ಮೇಲೇರುವುದು. ಒಡೆಯದೆ ಈ ಗುಡ್ಡದಲ್ಲಿ ಯಾರೂ ಸುರಿದಿಲ್ಲ, ಸುರಿಯುವುದೂ ಇಲ್ಲ. ಬಾಟಲಿ ಒಡೆದವಳು ಆ ಸೂರಿನ ಬಗ್ಗೆ ಮತ್ತೆ ಕೆಟ್ಟ ಮಾತಾಡುವಂತಿಲ್ಲ. ಬಾಯಿಗೆ ಬೀಗ. ಎಲ್ಲರೂ ಚಪ್ಪಾಳೆ.

ಆಗಲಿ ಅಂದೆ.

ಒಲಿದಳು ಅಂದುಕೊಂಡರು. ಸತುರ್ನೀನೊನ ಹೆಂಡತಿ ದೊಮಿತಿಲಾ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಅವಳೂ ನಾನೂ ಒಂದೇ ಒಲೆಯ ಮುಂದೆ ಇಷ್ಟು ವರ್ಷ ಬೆಂದವರು.

ಜುಲೈ 2, ಶನಿವಾರ

ಇಷ್ಟು ದಿನ ಏನೂ ಬರೆದಿಲ್ಲ. ಬರೆದರೆ ಬಾಯಿಗೂ ಬಂದುಬಿಡುತ್ತದೆ ಅಂತ.

ನಾಳೆಯ ಹಬ್ಬದೂಟಕ್ಕೆ ಒಣ ಆಲೂಗಡ್ಡೆ ನೆನೆಹಾಕಿದೆ. ಕಡಲೇಕಾಯಿ ಹುರಿದು ಅರೆದಿಟ್ಟೆ, ಹಂದಿಮಾಂಸ ಬೆಂದಿದೆ. ಅಮ್ಮ ಮಾಡುತ್ತಿದ್ದ ಹಾಗೇ ಮಾಡಿದ್ದೇನೆ. ದೊಮಿತಿಲಾ ಬಾಟಲಿಗೆ ಕೆಂಪು ರಿಬ್ಬನ್ ಕಟ್ಟಿ ತಂದುಕೊಟ್ಟಳು. ಏನೂ ಕೇಳಲಿಲ್ಲ.

ಭಯವಿಲ್ಲ ಅಂತ ಬರೆದರೆ ಸುಳ್ಳು. ಇಷ್ಟು ಜನರ ಬೆವರು ಆ ಗೋಡೆಯಲ್ಲಿದೆ. ನಾಳೆಯಿಂದ ಯಾರೂ ನನ್ನ ಮುಖ ನೋಡದಿರಬಹುದು, ಅಡುಗೆಮನೆಯಿಂದಲೂ ಹೊರಗೆ ಹಾಕಬಹುದು. ಹಾಕಲಿ. ಸೂರಾದ ಮೇಲೆ ಮೊಮ್ಮಗಳು ಇಲ್ಯಾರಿ ಮಧ್ಯಾಹ್ನ ಮಲಗುವುದು ಆ ಕೋಣೆಯಲ್ಲೇ. ನಿದ್ದೆ ಬಂದರೆ ಎಬ್ಬಿಸಿದರೂ ಏಳುವ ಮಗುವಲ್ಲ ಅದು.

ಜುಲೈ 3, ಭಾನುವಾರ, ಬೆಳಿಗ್ಗೆ

ಸೆಂಟ್ರಿಂಗ್ ಹಲಗೆ ಮೇಲೆ ಕೂತು ಬರೆಯುತ್ತಿದ್ದೇನೆ. ಸುತ್ತ ಕಬ್ಬಿಣದ ಸರಳು, ಮೇಲೆ ಜಿನುಗು ಮಂಜು. ಪುಸ್ತಕವನ್ನು ಏಪ್ರನ್ನಿನ ಜೇಬಿನಲ್ಲಿ ತಂದಿದ್ದೆ. ಬಾಟಲಿ ಮಡಿಲಲ್ಲಿದೆ. ಒಡೆದಿಲ್ಲ.

ಹತ್ತಿಸಿದರು, ಹತ್ತಿದೆ. ಬ್ಯಾಂಡಿನವರು ಊದಿದರು. ಕೆಳಗೆ ಎಲ್ಲರೂ ತಲೆಯೆತ್ತಿ ಕಾಯುತ್ತಿದ್ದರು. ನಾನು ಬಾಟಲಿ ಎತ್ತಲಿಲ್ಲ. ಕೂತೆ. ತಲೆ ತಿರುಗಿತೇನೋ ಅಂತ ಯಾರೋ ನೀರು ತನ್ನಿ ಅಂದರು. ತಲೆ ಸರಿಯಿದೆ, ಬಾಟಲಿ ಒಡೆಯುವುದಿಲ್ಲ ಅಂದೆ. ಬ್ಯಾಂಡ್ ನಿಂತಿತು.

ಅವರು ಮಾಡಿದ ಒಂದೇ ತಪ್ಪು — ನಾನು ಹತ್ತುವ ಮೊದಲೇ ಮಿಕ್ಸರ್ ತಿರುಗಿಸಿದ್ದು. ಬೇಗ ಮುಗಿಸಿ ಬಿಯರ್ ತೆರೆಯುವ ಆತುರ. ಕಲಸಿದ ಕಾಂಕ್ರೀಟ್ ಯಾರಿಗಾಗಿಯೂ ಕಾಯುವುದಿಲ್ಲ. ಕೆಳಗೆ ರಾಶಿ ಬಿದ್ದಿದೆ. ಹುಡುಗರು ಮೇಲೆ ಮೇಲೆ ನೀರು ಸುರಿಯುತ್ತಿದ್ದಾರೆ, ಮೇಸ್ತ್ರಿ ಬೇಡ ಅಂತ ತಲೆಯಾಡಿಸುತ್ತಿದ್ದಾನೆ. ಇವತ್ತು ನಾನು ಮಾಡಬೇಕಾದ ಕೆಲಸ ಒಂದೇ. ಕೂತಿರುವುದು.

ಸತುರ್ನೀನೊ ಏಣಿಯ ಅರ್ಧಕ್ಕೆ ಬಂದ.

"ಇಳೀರಿ ಕೊಮಾದ್ರೆ. ಮಾಲು ಗಟ್ಟಿಯಾಗ್ತಿದೆ."

"ಆಗ್ಲಿ ಬಿಡು. ನೆಲದ ಮೇಲೆ ಗಟ್ಟಿಯಾದ್ರೆ ಯಾರೂ ಸಾಯಲ್ಲ."

"ಇಡೀ ಗುಡ್ಡದ ಮಾನ ಕಳೀತಿದ್ದೀರಿ."

"ಮಾನ ಆಮೇಲೂ ಕಟ್ಬಹುದು. ಎರ್ಮೆಲಿಂದಾನ ಎತ್ತಿದ್ದು ನಾನು, ಸತುರ್ನೀನೊ. ಒಂದು ಬೆಡ್‌ಶೀಟಲ್ಲಿ."

ಇಷ್ಟು ವರ್ಷದಲ್ಲಿ ಇದನ್ನು ಯಾರಿಗೂ ಹೇಳಿರಲಿಲ್ಲ. ಅವನು ಏಣಿ ಇಳಿದುಹೋದ.

ಅದೇ ದಿನ, ಮಧ್ಯಾಹ್ನ, ಇನ್ನೂ ಮೇಲೆಯೇ

ನನ್ನನ್ನು ಹೊತ್ತು ಇಳಿಸಲು ಯಾರೂ ಬರುತ್ತಿಲ್ಲ. ಧರ್ಮತಾಯಿಯ ಮೈ ಮುಟ್ಟಲು ಹೆದರಿಕೆ. ಅವರು ಕೊಟ್ಟ ಪಟ್ಟವೇ ನನ್ನನ್ನು ಕಾಯುತ್ತಿದೆ. ನಗು ಬಂತು, ತಡೆದುಕೊಂಡೆ.

ಬೇರೆ ಧರ್ಮತಾಯಿಯನ್ನು ಹುಡುಕುತ್ತಿದ್ದಾರೆ. ಹೆಂಗಸರನ್ನು ಒಬ್ಬೊಬ್ಬರಾಗಿ ಕೇಳಿದರು. ಒಬ್ಬಳಿಗೆ ಒಲೆ ನೋಡಬೇಕು, ಇನ್ನೊಬ್ಬಳಿಗೆ ಏಣಿ ಅಂದರೆ ಆಗದು, ಮತ್ತೊಬ್ಬಳಿಗೆ ಇವತ್ತೇ ಸೊಂಟ ಹಿಡಿದಿದೆ. ಕೊನೆಗೆ ಸತುರ್ನೀನೊ ಹೆಂಡತಿಯ ಕೈಗೇ ಒಂದು ಬಿಯರ್ ಬಾಟಲಿ ಕೊಟ್ಟ. ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡು ಏಣಿಯ ಹತ್ತಿರ ಬಂದಳು.

ಮುಗಿಯಿತು. ಅವಳು ಒಡೆದರೆ ನಾನು ಯಾರೂ ಅಲ್ಲ. ಸುಮ್ಮನೆ ಸರಳುಗಳ ನಡುವೆ ಕೂತ ಒಬ್ಬ ಮುದುಕಿ. ಎತ್ತಿ ಕೆಳಗಿಳಿಸುತ್ತಾರೆ. ಬೇರೆ ಯಾರೇ ಬಂದಿದ್ದರೂ ತಡೆದುಕೊಳ್ಳುತ್ತಿದ್ದೆ. ದೊಮಿತಿಲಾ...

ಬಂದಳು. ಏಣಿ ಹತ್ತಿ ಏದುಸಿರು ಬಿಡುತ್ತಿದ್ದಳು. ನನ್ನ ಕಡೆ ನೋಡಲಿಲ್ಲ, ಕೆಳಗೆ ಗಂಡನನ್ನು ನೋಡಿದಳು. ಕೈಯಲ್ಲಿದ್ದ ಬಾಟಲಿ ನೋಡಿದಳು. ನಾನು ಕಣ್ಣು ಮುಚ್ಚಿಕೊಂಡೆ.

"ಸ್ವಲ್ಪ ಜರುಗಿ" ಅಂದಳು. "ಒಬ್ಬರೇ ಜಾಗ ಎಲ್ಲಾ ಹಿಡ್ಕೊಂಡಿದ್ದೀರಿ."

ಜರುಗಿದೆ. ಕೂತಳು. ಅವಳ ಬಾಟಲಿಯೂ ಮಡಿಲಲ್ಲೇ.

ಈಗ ಇಬ್ಬರ ಕೆನ್ನೆಯೂ ಒದ್ದೆ, ಮಂಜಿಗೆ ಅಂತ ಇಟ್ಟುಕೊಳ್ಳೋಣ. ಒಲೆ ಮೇಲೆ ಹಂದಿಮಾಂಸ ತಳ ಹಿಡಿಯುತ್ತದೇನೋ ಅಂತ ಅವಳಿಗೆ ಚಿಂತೆ. ಕೆಳಗೆ ಒಬ್ಬ ಹುಡುಗ ರಾಶಿಗೆ ಸಲಿಕೆ ಹಾಕಿದ — ಠಣ್ ಅಂತು. ಸತುರ್ನೀನೊ ಟೋಪಿ ತೆಗೆದು ರಾಶಿಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಮೇಸ್ತ್ರಿ ಅವನ ಕಿವಿಯಲ್ಲಿ ಏನೋ ಹೇಳುತ್ತಿದ್ದಾನೆ, ಗೋಡೆಯ ಮೂಲೆಗಳನ್ನು ಒಂದೊಂದಾಗಿ ತೋರಿಸುತ್ತ.

ಏಣಿ ಮತ್ತೆ ಅಲುಗುತ್ತಿದೆ. ಒಬ್ಬರಲ್ಲ, ಹಿಂದೆ ಇನ್ನೂ ಯಾರೋ... ಸೊಂಟ ಹಿಡಿದಿದೆ ಅಂದವಳೇ ಮುಂದೆ. ದೊಮಿತಿಲಾ ಜರುಗಿ ಅನ್ನುತ್ತಿದ್ದಾಳೆ, ಬರೆಯಲು ಕೈ ಆಡಿಸುವಷ್ಟೂ ಜಾಗ